ಬಾಗಿಲ ಬಳಿಯ ಮೂರು ಕುಂಡಗಳು

ಹನ್ನೊಂದನೇ ದಿನವೂ ಏಳು, ಎಂಟು, ಒಂಬತ್ತನೇ ಕುಂಡಗಳು ತೂಕ ಕಳೆದುಕೊಳ್ಳಲಿಲ್ಲ. ನಾನು ಮೊದಲು ಬೈದದ್ದು ತಕ್ಕಡಿಯನ್ನು. ಕೊಕ್ಕೆ ಬಿಚ್ಚಿ, ಒರೆಸಿ, ಮತ್ತೆ ಸಿಕ್ಕಿಸಿ ಮೂರು ಸಲ ತೂಗಿದೆ. ನೀರು ನಿಲ್ಲಿಸಿದ ಉಳಿದ ಕುಂಡಗಳೆಲ್ಲ ದಿನಕ್ಕೆ ನೂರು, ನೂರೈವತ್ತು ಗ್ರಾಂ ಹಗುರಾಗುತ್ತಿದ್ದರೆ ಈ ಮೂರು ಮಾತ್ರ ಮದುವೆಮನೆಯಲ್ಲಿ ಉಂಡು ಕೂತವರ ಹಾಗೆ ಕದಲದೆ ಕೂತಿದ್ದವು.

ಕೆಲಸ ಇಷ್ಟೇ. ಎಳೆ ಮಾವಿನ ಗಿಡ ನೀರಿಲ್ಲದೆ ಎಷ್ಟು ದಿನ ತಡೆದೀತು ಎಂದು ನೋಡಬೇಕಿತ್ತು. ದಾವಣಗೆರೆಯ ಹೊರವಲಯದಲ್ಲಿರುವ ನಮ್ಮ ತೋಟಗಾರಿಕೆ ಕೇಂದ್ರದಲ್ಲಿ ಪ್ಲಾಸ್ಟಿಕ್ ಸೂರಿನ ಒಂದು ಶೆಡ್ಡು ಇದೆ. ಅಲ್ಲಿ ಇಪ್ಪತ್ತನಾಲ್ಕು ಕಸಿ ಗಿಡ ಇಟ್ಟಿದ್ದೆವು. ಮೇಲಿನ ಕಸಿ ಎಲ್ಲಕ್ಕೂ ಬಾದಾಮಿ ಮಾವಿನದೇ. ಕೆಳಗಿನ ಬೇರು ಮಾತ್ರ ಎರಡು ಬಗೆ. ಹನ್ನೆರಡರದ್ದು ಹೊರಗಿನಿಂದ ತರಿಸಿದ ಯಾವುದೋ ಕಲಬೆರಕೆ ಓಟೆಯಿಂದ, ಅಂದರೆ ಮಾವಿನ ಗೊರಟೆಯಿಂದ, ಬಂದದ್ದು, ಹನ್ನೆರಡರದ್ದು ಹರಿಹರದ ಒಂದು ಹಳೆಯ ನಾಟಿ ಮರದ ಓಟೆಯಿಂದ ಬಂದದ್ದು. ಪ್ರತಿ ಬಗೆಯಲ್ಲಿ ಆರಕ್ಕೆ ನೀರು, ಆರಕ್ಕೆ ಉಪವಾಸ. ಯಾವುದು ಎಲ್ಲಿ ಕೂರಬೇಕೆಂದು ಚೀಟಿ ಎತ್ತಿ ಇಟ್ಟಿದ್ದೆವು. ಚೀಟಿ ಎತ್ತಿದವಳು ನಾನೇ, ತೂಗುವವಳೂ ನಾನೇ. ನಾನು ಅಲ್ಲಿ ತಾಂತ್ರಿಕ ಸಹಾಯಕಿ.

ಹರಿಹರದ ಓಟೆಯ ಗಿಡ ತಂದವರು ಕಸಿ ಸಾಬರು. ಅರವತ್ತು ದಾಟಿದವರು, ನಲವತ್ತು ವರ್ಷದಿಂದ ಕಸಿ ಚಾಕು ಹಿಡಿದವರು. ನದಿಯಿಂದ ಸ್ವಲ್ಪ ದೂರದ ಒಂದು ಖಾಲಿ ನಿವೇಶನದಲ್ಲಿ ಆ ಮರ ಇತ್ತು. ಹಣ್ಣು ಹುಳಿ, ನಾರು ಜಾಸ್ತಿ, ತಿನ್ನಲು ಯಾರಿಗೂ ಬೇಡ. ಆದರೆ ಅದರ ಓಟೆಯ ಮೇಲೆ ಕಟ್ಟಿದ ಕಸಿ ಎಂಥ ಬೇಸಿಗೆಯಲ್ಲೂ ಸಾಯುವುದಿಲ್ಲ ಎಂಬುದು ಸಾಬರ ನಂಬಿಕೆ. ನಿವೇಶನದ ಮಾಲೀಕರು ಗೋದಾಮು ಕಟ್ಟಲು ಮರ ಕಡಿಸುವವರಿದ್ದರು. ಸಾಬರು ಹೋಗಿ ಬೇಡಿಕೊಂಡಾಗ, ಇದು ಉಳಿಸಬೇಕಾದ ಬೀಜದ ಮರ ಎಂದು ಸರ್ಕಾರಿ ಕಾಗದ ತಂದರೆ ಆ ಮೂಲೆ ಬಿಟ್ಟು ಕಟ್ಟುತ್ತೇನೆ ಎಂದಿದ್ದರಂತೆ. ನಮ್ಮ ಸಾಹೇಬರು, ಅಂದರೆ ಕೇಂದ್ರದ ವಿಜ್ಞಾನಿ, ಅಂಕಿ ಇಲ್ಲದೆ ಕಾಗದ ಕೊಡಲಾಗದು ಎಂದರು. ಹಾಗಾಗಿ ಈ ಪ್ರಯೋಗ. ಮರದ ಜೀವ ನನ್ನ ತಕ್ಕಡಿಯ ಕೊಕ್ಕೆಗೆ ನೇತುಬಿದ್ದಿತ್ತು ಎಂದರೆ ಹೆಚ್ಚೇನಲ್ಲ.

ಗಿಡ ತಂದುಕೊಟ್ಟ ದಿನವೇ ಸಾಬರು ಒಂದು ಮಾತು ಹೇಳಿದ್ದರು. "ಮೇಡಂ, ಕುಂಡ ಬ್ಯಾಡ್ರಿ. ಓಟೆ ಸೀದಾ ಗುಂಡಿಗೆ ಹಾಕ್ರಿ. ಅಲ್ಲೇ ಬೆಳೀಲಿ, ಅಲ್ಲೇ ನಾನು ಕಸಿ ಕಟ್ತೀನಿ. ಆಗ ನೋಡ್ರಿ ಅದರ ತಾಕತ್ತು."

"ಅದಕ್ಕೆ ಎರಡು ವರ್ಷ ಬೇಕು ಸಾಬರೇ. ನಿಮ್ಮ ಮಾಲೀಕರು ಎರಡು ತಿಂಗಳೂ ಕಾಯೋದಿಲ್ಲ" ಎಂದೆ. ಅವರು ತಲೆಯಾಡಿಸಿ ಗಿಡ ಇಳಿಸತೊಡಗಿದರು. ನಾನು ಗೆದ್ದೆ ಎಂದುಕೊಂಡೆ.

ಮಾವಿನ ಕಿರಿಕಿರಿ ಏನೆಂದರೆ ಅದು ಬಾಯಿ ಬಿಟ್ಟು ಹೇಳುವುದಿಲ್ಲ. ಪಪ್ಪಾಯಿ ಒಂದು ದಿನ ನೀರು ತಪ್ಪಿದರೆ ಸಂಜೆಗೆ ಎಲೆ ಇಳಿಬಿಟ್ಟು ದೂರು ಹೇಳುತ್ತದೆ. ಮಾವಿನ ಎಲೆಯೊಳಗೆ ಸೊನೆ ಇರುತ್ತದೆ. ಒಳಗೆ ಒಣಗುತ್ತಿದ್ದರೂ ಎಲೆ ಬಿಗಿಯಾಗಿಯೇ ನಿಂತಿರುತ್ತದೆ. ತಾಮ್ರ ಬಣ್ಣದ ಚಿಗುರು ಜೋತು ಬಿದ್ದಾಗಷ್ಟೇ ಅನುಮಾನ ಬರುತ್ತದೆ, ಬಲಿತ ಎಲೆಯ ಹೊಳಪು ಹೋಗಿ ದೋಣಿಯ ಹಾಗೆ ಮಡಚಿಕೊಳ್ಳುವ ಹೊತ್ತಿಗೆ ಗಿಡ ಅರ್ಧ ದಾರಿ ದಾಟಿರುತ್ತದೆ. ಅದಕ್ಕೇ ಕಣ್ಣನ್ನು ನಂಬುವಂತಿಲ್ಲ, ತೂಗಬೇಕು.

ಬೆಳಿಗ್ಗೆ ಹತ್ತಕ್ಕೆ ಎಲ್ಲ ಕುಂಡದ ತೂಕ. ಎಲೆಯಲ್ಲಿ ಉಳಿದ ನೀರು ಅಳೆಯಲು ಎರಡು ದಿನಕ್ಕೊಮ್ಮೆ ಅದರಿಂದ ಬಿಲ್ಲೆ ಕತ್ತರಿಸಿ ತೂಗುವುದು, ನಾಲ್ಕು ತಾಸು ನೀರಲ್ಲಿ ತೇಲಿಬಿಟ್ಟು ತೂಗುವುದು, ಒಲೆಯಲ್ಲಿ ಒಣಗಿಸಿ ಮತ್ತೆ ತೂಗುವುದು. ಮಧ್ಯಾಹ್ನ ಒಂದಕ್ಕೂ ಮೂರಕ್ಕೂ ಎಲೆಯ ಕೆಳಮೈಗೆ ಬಣ್ಣವಿಲ್ಲದ ಉಗುರುಬಣ್ಣ ಹಚ್ಚಿ, ಒಣಗಿದ ಮೇಲೆ ಅಂಟುಪಟ್ಟಿಯಿಂದ ಎಬ್ಬಿಸಿ ಸೂಕ್ಷ್ಮದರ್ಶಕದಡಿ ನೋಡುವುದು. ಎಲೆಯ ಉಸಿರಾಟದ ಬಾಯಿಗಳು ತೆರೆದಿವೆಯೋ ಮುಚ್ಚಿವೆಯೋ ಆ ಅಚ್ಚಿನಲ್ಲಿ ಕಾಣುತ್ತದೆ. ನೀರು ಸಾಲದ ಗಿಡ ಅವನ್ನು ಮುಚ್ಚಿಕೊಳ್ಳುತ್ತದೆ. ಒಂದರ ಅಳತೆಗೂ ಮೂರರ ಅಳತೆಗೂ ನಡುವೆ ಕಚೇರಿಗೆ ಹೋಗಿಬರುವುದು ದಂಡ ಎಂದು ನಾನು ಶೆಡ್ಡಿನ ಹೊಸ್ತಿಲ ಮೇಲೆಯೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದೆ. ಮಾರ್ಚ್ ಕೊನೆಯ ಸೆಕೆ, ತಲೆಯ ಮೇಲೆ ಪ್ಲಾಸ್ಟಿಕ್. ಇಡ್ಲಿ ಪಾತ್ರೆಯೊಳಗೆ ಕೂತು ಉಂಡ ಹಾಗಿರುತ್ತಿತ್ತು.

ನಿಯಮಗಳನ್ನು ನಾನೇ ಮಾಡಿ ಬಾಗಿಲಿಗೆ ಅಂಟಿಸಿದ್ದೆ. ಒಳಗೆ ಕೊಡ ತರಬಾರದು. ನೀರಿನ ಬಾಟಲಿ ತರಬಾರದು. ಕೈಕಾಲು ಹೊರಗಿನ ನಳದಲ್ಲೇ ತೊಳೆಯಬೇಕು. ನೀರುಣ್ಣುವ ಹನ್ನೆರಡು ಕುಂಡಕ್ಕೆ ಅಳತೆ ಜಗ್ಗಿನಲ್ಲಿ ನಾನೊಬ್ಬಳೇ ಹಾಕಬೇಕು.

ನನ್ನ ಜೊತೆ ಕೆಲಸಕ್ಕಿದ್ದವಳು ಹದಡಿಯಿಂದ ಬರುತ್ತಿದ್ದ ಅಕ್ಕ. ಐವತ್ತರ ಹತ್ತಿರದವಳು, ಮಾತು ಕಡಿಮೆ, ಕೈ ಚುರುಕು. ಉಪವಾಸದ ಗಿಡಗಳನ್ನು ನೋಡಿದಾಗಲೆಲ್ಲ ಅವಳ ಮುಖ ಸಣ್ಣಗಾಗುತ್ತಿತ್ತು. "ಏನ್ ಪಾಪ ಮಾಡಿದ್ವೋ ಇವು" ಎಂದು ಒಮ್ಮೆ ಅಂದಿದ್ದಳು. ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತ್ತು.

ಹದಿಮೂರನೇ ದಿನ ಉಗುರುಬಣ್ಣದ ಅಚ್ಚು ನೋಡಿದೆ. ಏಳು, ಎಂಟು, ಒಂಬತ್ತರ ಎಲೆಯ ಬಾಯಿಗಳು ಮಧ್ಯಾಹ್ನ ಮೂರಕ್ಕೂ ತೆರೆದೇ ಇದ್ದವು. ಮೂರೂ ಹರಿಹರದ ಬೇರಿನವು, ಮೂರೂ ಉಪವಾಸದವು. ಬಾಯಿ ತೆರೆದಿದ್ದರೆ ನೀರು ಹೋಗಲೇಬೇಕು. ನೀರು ಹೋದರೆ ತೂಕ ಇಳಿಯಲೇಬೇಕು. ಇಳಿಯುತ್ತಿಲ್ಲ ಎಂದರೆ ಯಾರೋ ನೀರು ಹಾಕುತ್ತಿದ್ದಾರೆ. ಇದಕ್ಕೆ ದೊಡ್ಡ ಓದು ಬೇಕಿಲ್ಲ. ಎಂಟನೇ ಕುಂಡದ ಮಣ್ಣಿನ ಮೇಲೆ ಒಂದು ಕರಿಬೇವಿನ ಎಲೆ, ನಾಲ್ಕು ಸಾಸಿವೆ ಕಾಳು ಬೇರೆ ಸಿಕ್ಕಿದವು. ಎತ್ತಿ ಬಿಸಾಡಿ, ಸೀದಾ ಅಕ್ಕನ ಮುಂದೆ ಹೋಗಿ ನಿಂತೆ.

"ಅಕ್ಕ, ನಿಜ ಹೇಳು. ಬಾಗಿಲ ಹತ್ತಿರದ ಮೂರಕ್ಕೆ ನೀರು ಹಾಕ್ತಿದ್ದೀಯಾ?"

"ಇಲ್ರಿ."

"ಕನಿಕರ ಬಂದು ಒಂದು ಚೊಂಬು ಹಾಕಿದ್ರೂ ಹೇಳಿಬಿಡು. ಬೈಯೋದಿಲ್ಲ."

"ಬೈತಾನೇ ಇದ್ದೀರಲ್ರಿ. ನಾ ಹಾಕಿಲ್ಲ ಅಂದ್ರ ಹಾಕಿಲ್ಲ. ಬೀಗ ಹಾಕ್ಕೊಳ್ರಿ ಬೇಕಾದ್ರ."

ಹಾಕಿಯೇಬಿಟ್ಟೆ. ಅಂದು ಸಂಜೆ ಹೊಸ ಬೀಗ ತಂದು ಕೀಲಿಯನ್ನು ಸ್ಕೂಟರ್ ಕೀಲಿಯ ಜೊತೆ ಪೋಣಿಸಿಕೊಂಡೆ. ಅಕ್ಕ ಮರುದಿನದಿಂದ ಶೆಡ್ಡಿನ ಹತ್ತಿರ ಬರುವುದನ್ನೇ ಬಿಟ್ಟಳು. ಮಧ್ಯಾಹ್ನ ಹುಣಸೆಮರದ ಕೆಳಗೆ ಒಬ್ಬಳೇ ಬೆನ್ನು ತಿರುಗಿಸಿ ಕೂತು ರೊಟ್ಟಿ ತಿನ್ನುತ್ತಿದ್ದಳು. ನನಗೂ ಕೆಟ್ಟದೆನಿಸಿತು, ಆದರೆ ಕ್ಷಮೆ ಕೇಳುವಷ್ಟು ದೊಡ್ಡ ಮನಸ್ಸು ಅಂದು ಇರಲಿಲ್ಲ.

ಬೀಗ ಬಿದ್ದ ಮೇಲೂ ಆ ಮೂರು ಕುಂಡ ಕದಲಲಿಲ್ಲ. ಆಗ ನನ್ನ ಸಿಟ್ಟೆಲ್ಲ ಸಂತೋಷವಾಯಿತು. ಕೀಲಿ ನನ್ನ ಸೊಂಟದಲ್ಲಿದೆ, ಒಳಗೆ ಯಾರೂ ಬರುತ್ತಿಲ್ಲ, ಗಿಡ ನಿಂತಿದೆ. ಅಂದರೆ ಸಾಬರು ಹೇಳಿದ್ದೇ ನಿಜ. ತೆರೆದ ಬಾಯಿಗಳ ಲೆಕ್ಕ ಕೂಡಿಬರದಿದ್ದರೂ ನನ್ನ ಅಚ್ಚು ಸರಿಯಾಗಿ ಬಂದಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಎಂಥ ಬುದ್ಧಿ ನೋಡಿ. ಹದಿನೈದು ದಿನದಿಂದ ಸರಿಯಾಗಿ ಬರುತ್ತಿದ್ದ ಅಚ್ಚು ಆ ಮೂರು ಗಿಡಕ್ಕೆ ಮಾತ್ರ ಕೆಟ್ಟುಹೋಯಿತಂತೆ.

ಸಾಹೇಬರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, "ಆರರಲ್ಲಿ ಮೂರು ಅಂದ್ರೆ ಸಣ್ಣ ಮಾತಲ್ಲ. ನಲವತ್ತು ದಿನ ಮುಗೀಲಿ, ಕಾಗದ ಟೈಪ್ ಮಾಡಿಸೋಣ" ಎಂದರು. ಸಾಬರಿಗೆ ಫೋನು ಮಾಡಿದೆ. "ಅಲ್ಲಾ ನಿಮ್ಮನ್ನ ಚೆನ್ನಾಗಿ ಇಟ್ಟಿರ್ಲಿ ಮೇಡಂ. ಮಾಲೀಕರಿಗೆ ಈಗ್ಲೇ ಹೇಳಿ ಬರ್ತೀನಿ" ಎಂದರು. ಹೇಳಿಯೂ ಬಂದರು.

ಇಪ್ಪತ್ತನಾಲ್ಕನೇ ದಿನ ತಂಗಿಯ ಮಗಳ ಮದುವೆಗೆ ಹೋಗಬೇಕಾಯಿತು. ನಾಲ್ಕು ದಿನ. ಬೇರೆ ದಾರಿಯಿಲ್ಲದೆ ಕೀಲಿಯನ್ನು ಅಕ್ಕನ ಕೈಗೆ ಕೊಟ್ಟೆ. ತೂಗುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನೀರಿನ ಕುಂಡಗಳಿಗೆ ಜಗ್ಗಿನ ಗೆರೆ ತೋರಿಸಿದೆ. ಅವಳು ಕೀಲಿ ತೆಗೆದುಕೊಂಡಳು, ಮುಖ ನೋಡಲಿಲ್ಲ.

ಬಂದು ತೂಕದ ಪುಸ್ತಕ ತೆರೆದೆ. ಏಳು, ಎಂಟು, ಒಂಬತ್ತು ನಾಲ್ಕೇ ದಿನದಲ್ಲಿ ಅರ್ಧ ಕಿಲೋಗೂ ಹೆಚ್ಚು ಇಳಿದಿದ್ದವು. ಒಂಬತ್ತರ ಚಿಗುರು ಜೋತು ಬಿದ್ದಿತ್ತು. ಇಪ್ಪತ್ತು ದಿನ ನಿಂತ ಗಿಡ ನಾನು ಬೆನ್ನು ತಿರುಗಿಸಿದ ಕೂಡಲೇ ಬಿದ್ದುಹೋಯಿತೇ? ಬ್ಯಾಗು ಕೂಡ ಇಳಿಸದೆ ಅಕ್ಕನ ಮೇಲೆ ಹಾಯ್ದೆ.

"ಇದೇನು ಬರೆದಿದ್ದೀಯಾ? ಕೊಕ್ಕೆ ಸರಿಯಾಗಿ ಹಾಕಿದ್ಯಾ ಇಲ್ವಾ?"

ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ಮೊದ್ಲು ನೀರ್ ಹಾಕಿದಿ ಅಂದ್ರಿ. ಈಗ ತೂಗಾಕ ಬರಂಗಿಲ್ಲ ಅಂತೀರಿ. ನೀವೇ ತೂಗಿ ನೋಡ್ರಿ."

ತೂಗಿದೆ. ಅವಳು ಬರೆದದ್ದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಮರುದಿನ ಮಧ್ಯಾಹ್ನ ಒಂದರ ಅಚ್ಚು ಮುಗಿಸಿ ಹೊಸ್ತಿಲ ಮೇಲೆ ಕೂತು ಉಂಡೆ. ಚಿತ್ರಾನ್ನ, ಮಜ್ಜಿಗೆ. ತಲೆಯೊಳಗೆ ಅದೇ ಲೆಕ್ಕ. ಬೇರು ಒಂದೇ ಸಲ ಸೋತಿತೇ, ಮಣ್ಣು ಕುಂಡದ ಗೋಡೆ ಬಿಟ್ಟಿತೇ, ಇರುವೆ ಹೊಕ್ಕಿತೇ ಎಂದು ಯೋಚಿಸುತ್ತಿದ್ದೆ. ಅಕ್ಕ ಹುಣಸೆಮರದ ಕಡೆಯಿಂದ ನಡೆದು ಬಂದು ಎದುರಿಗೆ ನಿಂತಳು.

"ಮೇಡಂ" ಎಂದಳು. "ನಿಮ್ಮ ಕೈ ನೋಡ್ರಿ."

ನೋಡಿದೆ. ನನ್ನ ಎಡಗೈಯಲ್ಲಿ ಬಾಟಲಿ ಇತ್ತು, ಬಲಗೈಯಲ್ಲಿ ಡಬ್ಬಿ. ಮೂರು ಹಂತದ ಡಬ್ಬಿಗೂ ನೀರು ಸುರಿದು, ಬೆರಳಾಡಿಸಿ ಗಲಗಲ ತೊಳೆದು, ಬಾಗಿಲ ಎಡಕ್ಕೆ ಕೈ ಚಾಚಿ, ಏಳಕ್ಕೆ ಒಂದು ಡಬ್ಬಿ, ಎಂಟಕ್ಕೆ ಒಂದು, ಒಂಬತ್ತಕ್ಕೆ ಒಂದು ಹಾಕಿ ಆಗಿತ್ತು. ಈಗ ಉಳಿದ ನೀರಲ್ಲಿ ಎಂಟರ ಬುಡಕ್ಕೆ ಕೈ ತೊಳೆಯುತ್ತಿದ್ದೆ. ಮಣ್ಣಿನ ಮೇಲೆ ಕರಿಬೇವಿನ ಎಲೆ ಬಿದ್ದಿತ್ತು.

ಸರಸ್ವತಿ ನಗರದ ನಮ್ಮ ಮನೆಗೆ ನಳದ ನೀರು ವಾರಕ್ಕೊಮ್ಮೆ ಬರುತ್ತಿದ್ದ ಕಾಲದಲ್ಲಿ ಬೆಳೆದವಳು ನಾನು. ಉಂಡ ಕೈ, ಅಕ್ಕಿ ತೊಳೆದದ್ದು, ಡಬ್ಬಿ ತೊಳೆದದ್ದು, ಎಲ್ಲ ಮೆಟ್ಟಿಲ ಪಕ್ಕದ ದಾಸವಾಳಕ್ಕೆ. ಚರಂಡಿಗೆ ಚೆಲ್ಲಿದರೆ ಅಮ್ಮ ಬೆನ್ನಿಗೆ ಗುದ್ದುತ್ತಿದ್ದಳು. ಇಲ್ಲಿ ಅರ್ಧ ಊರು ಹಾಗೆಯೇ ಬೆಳೆದಿದೆ. ಉಂಡೆದ್ದ ಕೈ ತಾನಾಗಿ ಗಿಡದ ಬುಡ ಹುಡುಕುತ್ತದೆ, ತಲೆಯನ್ನು ಕೇಳುವುದಿಲ್ಲ. ಬಾಗಿಲಿಗೆ ಅಂಟಿಸಿದ ನಿಯಮ ನನ್ನ ಕಣ್ಣೆದುರಿಗೇ ಇತ್ತು. ಬಾಟಲಿ ತರಬಾರದು ಎಂದು ಬರೆದವಳಿಗೆ ತನ್ನ ಊಟದ ಬಾಟಲಿ ಬಾಟಲಿ ಎಂದೇ ಅನಿಸಿರಲಿಲ್ಲ.

"ಯಾವಾಗ ಗೊತ್ತಾಯ್ತು ನಿನಗೆ?"

"ನಿನ್ನೆ ಅನುಮಾನ ಬಂತ್ರಿ. ನೀವಿಲ್ದಾಗ ಒಣಗಿದ್ವು, ನೀವಿದ್ದಾಗ ಇಲ್ಲ. ಅದಕ್ಕ ಇವತ್ತು ದೂರ ಕೂತು ನೋಡಿದೆ."

ನಾನು ತಿಂಗಳು ಪೂರ್ತಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕಾಣದ್ದನ್ನು ಅವಳು ಹುಣಸೆಮರದ ಕೆಳಗಿಂದ ಒಂದೇ ಮಧ್ಯಾಹ್ನ ಕಂಡಿದ್ದಳು. ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ" ಎಂದಳು. ಆ 'ಇರ್ಲಿ'ಯಲ್ಲಿ ಇನ್ನೂ ಸ್ವಲ್ಪ ಸಿಟ್ಟು ಇತ್ತು, ಇರಲೇಬೇಕಿತ್ತು.

ಈಗ ಹೇಳಬೇಕಾದ್ದನ್ನು ಹೇಳುವುದು ಕಷ್ಟ. ನಾನು ಹನ್ನೊಂದು ದಿನ ಸುಮ್ಮನಿದ್ದೆ. ಡಬ್ಬಿ ನೀರು ನಿಲ್ಲಿಸಿದೆ, ಆದರೆ ಬಾಯಿ ಬಿಡಲಿಲ್ಲ. ಉಪವಾಸದಲ್ಲಿದ್ದ ಹೊರಗಿನ ಓಟೆಯ ಆರೂ ಒಣಗಿದವು. ಹರಿಹರದ ಉಳಿದ ಮೂರೂ ಅವುಗಳ ಹಿಂದೆಯೇ ಒಣಗಿದವು, ಎರಡು ದಿನ ಆಚೀಚೆ ಅಷ್ಟೇ. ಇಷ್ಟು ದಿನ ನನ್ನ ನೀರು ಕುಡಿದಿದ್ದ ಮೂರು ಮಾತ್ರ ಸೊರಗಿಯಾದರೂ ಜೀವ ಹಿಡಿದಿದ್ದವು. ನಲವತ್ತನೇ ದಿನ ಸಾಹೇಬರು ಕಾಗದ ಟೈಪ್ ಮಾಡಿಸಿ ನನ್ನ ಮೇಜಿನ ಮೇಲಿಟ್ಟರು. ನಾನು ಅಂಕಿ ಸರಿಯಿದೆ ಎಂದು ಸಹಿ ಹಾಕಿದರೆ ಸಾಕು, ಮರ ಉಳಿಯುತ್ತದೆ. ಗೊತ್ತಿರುವವಳು ಅಕ್ಕ ಒಬ್ಬಳೇ. ಅವಳು ಹೇಳುವವಳಲ್ಲ.

ಕಾಗದವನ್ನು ಅವಳಿಗೆ ಓದಿ ಹೇಳಿದೆ. ಈ ಬೇರಿನ ಗಿಡ ನೆಟ್ಟ ಮೇಲೆ ನಲವತ್ತು ದಿನ ನೀರಿಲ್ಲದಿದ್ದರೂ ತಡೆಯುತ್ತದೆ, ಬೆಳೆಗಾರರಿಗೆ ಶಿಫಾರಸು ಮಾಡಬಹುದು ಎಂದಿತ್ತು.

ಅಕ್ಕ ಸ್ವಲ್ಪ ಯೋಚಿಸಿದಳು. "ಹಂಗಾದ್ರ ಗಿಡ ತಗಂಡೋರಿಗೆಲ್ಲ ನಿಮ್ಮ ಡಬ್ಬಿನೂ ಕಳಸ್ತೀರೇನ್ರಿ?"

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎದ್ದು ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಡ್ರಾಯರಿಗೆ ಹಾಕಿದರು. ವರದಿಯಲ್ಲಿ ನಾನು ಬರೆದ 'ಡಬ್ಬಿ ತೊಳೆದ ನೀರು' ಎಂಬುದನ್ನು ಹೊಡೆದು 'ನಿರ್ವಹಣಾ ದೋಷ' ಎಂದು ತಿದ್ದಿದರು. ಅದಕ್ಕಿಂತ ಕೂಗಾಡಿದ್ದರೆ ಚೆನ್ನಾಗಿತ್ತು.

ಸಾಬರಿಗೆ ಫೋನಿನಲ್ಲಿ ಹೇಳುವ ಮಾತಲ್ಲ. ಹರಿಹರಕ್ಕೇ ಹೋದೆ. ಅವರು ಆ ಮರದ ಕೆಳಗೇ ಇದ್ದರು. ಮೇಲೆ ಗೊಂಚಲು ಗೊಂಚಲು ಕಾಯಿ. ಕೇಳುತ್ತ ಕೇಳುತ್ತ ಅವರ ಮುಖ ಕಪ್ಪಿಟ್ಟಿತು.

"ನಿಮ್ಮ ಡಬ್ಬಿ ನೀರು ನನ್ನ ಮರ ತಿಂತಲ್ರೀ" ಎಂದರು. "ಎಲ್ಲಾರಿಗೂ ಹೇಳ್ಕೊಂಡು ಬಂದೆ. ಈಗ ಯಾವ ಮುಖ ತಗೊಂಡು ಹೋಗ್ಲಿ?"

ಸ್ಕೂಟರ್ ತಿರುಗಿಸಿಕೊಂಡು ದಾವಣಗೆರೆಗೆ ವಾಪಸು ಬಂದೆ.

ನಾಲ್ಕನೇ ದಿನ ಅವರೇ ಕೇಂದ್ರಕ್ಕೆ ಬಂದರು. ಒಣಗಿದ ಕುಂಡಗಳನ್ನು ಒಂದೊಂದಾಗಿ ಬೋರಲು ಹಾಕಿ, ಬೇರು ತೊಳೆದು ಸಾಲಾಗಿ ಇಟ್ಟರು. ಹೊರಗಿನದೂ ಅಷ್ಟೇ, ಹರಿಹರದ್ದೂ ಅಷ್ಟೇ. ತಾಯಿಬೇರು ಕುಂಡದ ತಳ ಮುಟ್ಟಿ, ಮುಂದೆ ಹೋಗಲು ಜಾಗವಿಲ್ಲದೆ, ಸುತ್ತಿ ಸುತ್ತಿ ಸಿಂಬೆಯಾಗಿತ್ತು.

"ನೋಡ್ರಿ. ನನ್ನ ಗಿಡದ ತಾಕತ್ತು ಎಲೇಲಿಲ್ಲ, ಆಳಕ್ಕೆ ಹೋಗೋದ್ರಾಗ ಐತಿ. ಕುಂಡದಾಗ ಆಳ ಎಲ್ಲಿಂದ ತರ್ತೀರಿ? ಮೊದ್ಲೇ ಹೇಳಿದ್ದೆ."

ಹೇಳಿದ್ದರು. ನಾವು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಡಬ್ಬಿ ನೀರು ಬೀಳದಿದ್ದರೂ ಈ ಪ್ರಯೋಗ ಮರವನ್ನು ಉಳಿಸುತ್ತಿರಲಿಲ್ಲ. ನನ್ನ ಮೇಲೆ ಬಂದ ಸಿಟ್ಟಿನಲ್ಲೇ ಒಂದು ತೀರ್ಮಾನಕ್ಕೆ ಬಂದೆ. ಮರ ಹೋದರೆ ಹೋಗಲಿ, ಓಟೆ ಹೋಗಬಾರದು.

ಮಾಲೀಕರ ಮನೆ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿತ್ತು. ಕೂರಿಸಿ ಚಹಾ ಕೊಟ್ಟು, ಕಾಗದ ಕೇಳಿದರು. "ಕಾಗದ ಇಲ್ಲ, ಬರೋದೂ ಇಲ್ಲ. ತಪ್ಪು ನನ್ನದು" ಎಂದೆ. "ಕಾಯಿ ಬಲಿಯೋವರೆಗೆ ಬಿಡ್ರಿ. ಅಷ್ಟೇ ಕೇಳೋದು."

"ಮರ ನಿಲ್ಲಂಗಿಲ್ಲ ಮೇಡಂ, ಪಾಯ ಅಲ್ಲೇ ಬರ್ತೈತಿ" ಎಂದರು. ಚಹಾ ಲೋಟ ಕೆಳಗಿಟ್ಟು, "ಮೂರು ವಾರ. ಅದರ ಮ್ಯಾಲೆ ಒಂದು ದಿನ ಇಲ್ಲ" ಎಂದರು.

ಮೂರು ವಾರಕ್ಕೆ ಕಾಯಿ ಬಲಿತವು. ಗೋಣಿಯಲ್ಲಿ ತುಂಬಿ ತಂದು, ಹುಲ್ಲಿನಲ್ಲಿ ಮುಚ್ಚಿ ಹಣ್ಣು ಮಾಡಿದೆವು. ಕಚೇರಿಯವರೆಲ್ಲ ಮುಖ ಹಿಂಡಿಕೊಂಡು ಹುಳಿ ಹಣ್ಣು ಚೀಪಿ ಓಟೆ ಕೊಟ್ಟರು. ಮರ ಕಡಿದ ದಿನ ಸಾಬರು ಅತ್ತ ಹೋಗಲಿಲ್ಲ, ನಮ್ಮೊಡನೆ ಕೂತು ಓಟೆ ತಿಕ್ಕಿ ತೊಳೆಯುತ್ತಿದ್ದರು. ಮೊದಲ ಮಳೆಗೆ ಹದಡಿಯಲ್ಲಿ ಅಕ್ಕನ ಹೊಲದ ಬದುವಿನುದ್ದಕ್ಕೂ ನಲವತ್ತು ಗುಂಡಿಗೆ ಹಾಕಿದೆವು. ಜಾಗ ಕೊಡು ಎಂದು ನಾನು ಕೇಳಿರಲಿಲ್ಲ, ಅವಳೇ ಕೊಟ್ಟಳು.

ಇದು ಅದರ ಮುಂದಿನ ಬೇಸಿಗೆ. ಇಪ್ಪತ್ತಾರು ಹುಟ್ಟಿದ್ದವು, ಹದಿನೇಳು ಉಳಿದಿವೆ. ಮಳೆ ನಿಂತ ಮೇಲೆ ಒಂದಕ್ಕೂ ಹನಿ ನೀರು ಬಿದ್ದಿಲ್ಲ. ಎರೆಮಣ್ಣು ಕಾಲು ಸಿಕ್ಕಿಕೊಳ್ಳುವಷ್ಟು ಬಿರಿದಿದೆ. ಹೋದ ವಾರ ಮೂವರೂ ಹೋಗಿದ್ದೆವು. ಎಲೆ ಉದುರಿಸಿ ಕಡ್ಡಿಯಾಗಿ ನಿಂತ ಗಿಡ ನೋಡಿ ಇವೂ ಹೋದವು ಎಂದುಕೊಂಡೆ. ಸಾಬರು ಬಗ್ಗಿ ಉಗುರಿನಿಂದ ತೊಗಟೆ ಗೀರಿದರು. ಒಳಗೆ ಹಸಿರಿತ್ತು. ಹದಿನೇಳಕ್ಕೂ ಗೀರಿದರು, ಹದಿನೇಳೂ ಹಸಿರು.

"ಮಳೆ ಬಿದ್ದ ಮ್ಯಾಲೆ ಹದಿನಾರಕ್ಕೆ ಕಸಿ ಕಟ್ತೀನಿ" ಎಂದರು.

"ಇನ್ನೊಂದು?"

ಬದುವಿನ ಕೊನೆಯ ಗಿಡದ ಹತ್ತಿರ ಹೋಗಿ ನಿಂತರು. "ಇದಕ್ಕ ಚಾಕು ಮುಟ್ಟಿಸಂಗಿಲ್ಲ. ಹಂಗೇ ಬೆಳೀಲಿ. ಹುಳಿ ಹಣ್ಣೇ ಬಿಡ್ಲಿ. ಓಟೆ ಬೇಕಲ್ರಿ ಮುಂದೆ."

ಅದು ಕಾಯಿ ಬಿಡುವ ಹೊತ್ತಿಗೆ ತಮಗೆ ಎಷ್ಟು ವಯಸ್ಸಾಗಿರುತ್ತದೆ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಬದುವಿನ ಮೇಲೆ ಕೂತು ಉಂಡೆವು. ಉಂಡ ಮೇಲೆ ನಾನು ಬಾಟಲಿ, ಡಬ್ಬಿ ಎತ್ತಿಕೊಂಡು, ಗಿಡಗಳಿಂದ ದೂರ, ಗಾಡಿದಾರಿಯ ಕಡೆ ಹೊರಟೆ. ವರ್ಷದಿಂದ ಇದೇ ಅಭ್ಯಾಸ ಮಾಡಿಕೊಂಡಿದ್ದೇನೆ.

"ಎಲ್ಲಿಗ್ರಿ ಮೇಡಂ?" ಎಂದರು ಸಾಬರು. ಚಾಕು ಮುಟ್ಟಿಸದ ಗಿಡದ ಕಡೆ ಗದ್ದ ತೋರಿಸಿದರು. "ಇಲ್ಲಿ ಹಾಕ್ರಿ. ಇದು ನಿಮ್ಮ ಲೆಕ್ಕದಾಗ ಬರಂಗಿಲ್ಲ."

ಡಬ್ಬಿ ತೊಳೆದು ಅದರ ಬುಡಕ್ಕೆ ಹಾಕಿದೆ. ಅಕ್ಕನೂ ಎದ್ದು ಬಂದು ಅಲ್ಲೇ ಕೈ ತೊಳೆದಳು.